ಅಪ್‌ಡೇಟ್: ತಂದೆಯವರ ಉಸಿರಾಟದ ತೊಂದರೆಗೆ ವಪೆಯೇ ಕಾರಣ

ಹೃದಯದ ಶಸ್ತ್ರಚಿಕಿತ್ಸೆಯ ನಂತರ ತಂದೆಯವರಿಗೆ ಅಂಗಾತ ಮಲಗಿದಾಗ ಉಸಿರು ಸಾಲದಾಗುವುದೇಕೆ ಎಂದು ಕೇಳಿದ್ದೆ. ಮೂಗಿನಿಂದ ಥಟ್ಟನೆ ಉಸಿರೆಳೆಯಲು ಹೇಳಿ ಎಕ್ಸ್‌-ರೇ ಪರದೆಯ ಮೇಲೆ ನೋಡಿದಾಗ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಡಯಾಫ್ರಮ್) ಬಲಭಾಗ ಕೆಳಗಿಳಿಯಿತು, ಎಡಭಾಗ ಮಾತ್ರ ವಿರುದ್ಧವಾಗಿ ಮೇಲೇರಿತು. ಕತ್ತಿನ 3, 4 ಮತ್ತು 5ನೆಯ ನರಬೇರುಗಳಿಂದ ಹೊರಟು ಹೃದಯದ ಪಕ್ಕದಲ್ಲೇ ಹಾದುಬರುವ ಫ್ರೆನಿಕ್ ನರದ ಸಂಕೇತ ತಲುಪಿದಾಗ ಗುಮ್ಮಟದಂತಿರುವ ಈ ಸ್ನಾಯು ಸಂಕುಚಿಸಿ ಕೆಳಗಿಳಿದು, ಎದೆಗೂಡಿನೊಳಗಿನ ಒತ್ತಡವನ್ನು ತಗ್ಗಿಸಿ ಗಾಳಿಯನ್ನು ಒಳಗೆಳೆಯುತ್ತದೆ; ಶಸ್ತ್ರಚಿಕಿತ್ಸೆಯ ವೇಳೆ ಆ ನರಕ್ಕೇ ಪೆಟ್ಟಾಗಿರಬೇಕೆಂದು ವೈದ್ಯರು ವಿವರಿಸಿದರು. ಮಲಗಿದಾಗ ಹೊಟ್ಟೆಯ ಅಂಗಗಳೂ ವಪೆಯನ್ನು ಮೇಲಕ್ಕೆ ತಳ್ಳುತ್ತವೆ. ಹೃದಯವೇ ಮತ್ತೆ ಸೋಲುತ್ತಿದೆಯೆಂಬ ನಮ್ಮ ಭಯ ದೂರವಾದದ್ದು ದೊಡ್ಡ ಸಮಾಧಾನ. ನರ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು. ಅಲ್ಲಿಯವರೆಗೆ ಪ್ರತಿರೋಧವೊಡ್ಡುವ ಪುಟ್ಟ ಸಾಧನದ ಮೂಲಕ ಉಸಿರೆಳೆಯುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಮಾಡಿಸುತ್ತಿದ್ದಾರೆ.