ಮಗ ಐಸ್ ಹಾಕಿಯನ್ನೇ ವೃತ್ತಿ ಮಾಡಿಕೊಳ್ತೀನಿ ಅಂತಾನೆ, ಅನುಭವ ಇದ್ದವರು ಹೇಳಿ

ನಮಸ್ಕಾರ ಎಲ್ಲರಿಗೂ. ನಾವು ಹಾಸನದ ಕಡೆಯವರು, ಈಗ ಕೆನಡಾದ ಮಿಸಿಸಾಗಾದಲ್ಲಿದ್ದೇವೆ. ಮಗನಿಗೆ 14 ವರ್ಷ. ಎಎಎ, ಅಂದರೆ ಅವನ ವಯಸ್ಸಿನವರ ಮೇಲ್ಮಟ್ಟದ ತಂಡದಲ್ಲಿ ಡಿಫೆನ್ಸ್ ಆಡುತ್ತಾನೆ. ಮುಂದಿನ ವರ್ಷ ಅವನ ವಯಸ್ಸಿನವರಿಗೆ ಓಎಚ್‌ಎಲ್ ಡ್ರಾಫ್ಟ್, ಅಂದರೆ ಒಂಟಾರಿಯೋದ ದೊಡ್ಡ ಜೂನಿಯರ್ ಲೀಗಿನ ತಂಡಗಳು ಸುತ್ತು ಸುತ್ತಾಗಿ ಹುಡುಗರನ್ನು ಆರಿಸಿಕೊಳ್ಳುವುದು. ಹಾಕಿಯೇ ನನ್ನ ಕೆಲಸ ಅಂತ ಹಠ ಹಿಡಿದಿದ್ದಾನೆ. ನಮ್ಮ ಎರಡೂ ಮನೆಗಳಲ್ಲಿ ಆಟದಿಂದ ಜೀವನ ಮಾಡಿದವರು ಯಾರೂ ಇಲ್ಲ. ಓಎಚ್‌ಎಲ್‌ಗೆ ಕಳಿಸಬೇಕಾ, ಅಮೆರಿಕದ ಕಾಲೇಜು ಹಾಕಿಗೆ ಕಾಯಬೇಕಾ? ಇದರಲ್ಲಿ ನಿಜವಾಗಿ ಹೊಟ್ಟೆ ತುಂಬುತ್ತಾ? ಮಕ್ಕಳನ್ನು ಈ ದಾರಿಯಲ್ಲಿ ಕಳಿಸಿದವರು ದಯವಿಟ್ಟು ಹೇಳಿ.

ಬ್ರಾಂಪ್ಟನ್‌ನಿಂದ ಒಬ್ಬ ಅಪ್ಪ:

ಅಕ್ಕ, ನನ್ನ ಮಗನಿಗೆ ಈಗ 22. ಓಎಚ್‌ಎಲ್‌ನಲ್ಲಿ ಮೂರು ಸೀಸನ್ ಆಡಿದ, ಅಲ್ಲಿಗೆ ನಿಂತಿತು. ನಮಗೆ ಆದದ್ದನ್ನು ಹೇಳುತ್ತೇನೆ.

ಡ್ರಾಫ್ಟ್ ಆಯಿತು ಅಂದರೆ ದಡ ಸೇರಿದ ಹಾಗೆ ಅಂದುಕೊಂಡಿದ್ದೆವು. 2019ರಲ್ಲಿ 11ನೇ ಸುತ್ತಿನಲ್ಲಿ ಅವನ ಹೆಸರು ಬಂತು, ಮನೆಯಲ್ಲಿ ಒಬ್ಬಟ್ಟು ಮಾಡಿದೆವು. ಆಮೇಲೆ ತಿಳಿಯಿತು, ಒಟ್ಟು 15 ಸುತ್ತು ಇರುತ್ತೆ, ಕೊನೆಯ ಸುತ್ತುಗಳಲ್ಲಿ ಆಯ್ಕೆಯಾದ ಎಷ್ಟೋ ಹುಡುಗರು ಆ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡುವುದಿಲ್ಲ. ಮೊದಲ ವರ್ಷ ಇವನು ಅದಕ್ಕಿಂತ ಕೆಳಗಿನ ಜೂನಿಯರ್ ಎ ಲೀಗಿನಲ್ಲಿ ಆಡಿದ. ಎರಡನೇ ವರ್ಷ ಕೋವಿಡ್. ಓಎಚ್‌ಎಲ್‌ನ 2020-21ರ ಇಡೀ ಸೀಸನ್ನೇ ರದ್ದಾಯಿತು. ಎಲ್ಲಕ್ಕಿಂತ ಮೇಲಿನ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಡ್ರಾಫ್ಟ್‌ಗೆ ಮುಂಚಿನ ವರ್ಷ ಅದು, ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ಕಣ್ಣಿಗೆ ಬೀಳಬೇಕಾದ ಹೊತ್ತಿನಲ್ಲಿ ಹುಡುಗ ಗ್ಯಾರೇಜಿನಲ್ಲಿ ಒಬ್ಬನೇ ನೆಟ್ಟಿಗೆ ಪಕ್ ಹೊಡೆಯುತ್ತಿದ್ದ. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಯಾರನ್ನೂ ದೂರುವ ಹಾಗಿಲ್ಲ, ಆದರೆ ಈ ಕೆಲಸದಲ್ಲಿ ಒಂದು ವರ್ಷ ತಪ್ಪಿದರೆ ಅದನ್ನು ಮತ್ತೆ ತುಂಬಿಸಿಕೊಳ್ಳುವುದು ಬಹಳ ಕಷ್ಟ.

ಆಮೇಲೆ ಮೂರು ವರ್ಷ ಆಡಿದ. ಸೀಸನ್ನಿಗೆ 68 ಪಂದ್ಯ. ಬೇರೆ ಊರಿನಲ್ಲಿ ಬಿಲೆಟ್ ಮನೆ, ಅಂದರೆ ತಂಡದವರು ಗೊತ್ತು ಮಾಡಿಕೊಟ್ಟ ಇನ್ನೊಂದು ಕುಟುಂಬದ ಜೊತೆ ವಾಸ. ರಾತ್ರಿ ಎರಡು ಗಂಟೆಗೆ ಬಸ್ಸು ಇಳಿದು ಬೆಳಿಗ್ಗೆ ಪ್ರಾಕ್ಟೀಸ್. ಕೊನೆಯ ವರ್ಷ ಅವನಿಗೆ 20 ತುಂಬಿತ್ತು, ಆ ವಯಸ್ಸಿನವರನ್ನು ಒಂದು ತಂಡ ಮೂವರನ್ನು ಮಾತ್ರ ಇಟ್ಟುಕೊಳ್ಳಬಹುದು. ಆ ಮೂವರಲ್ಲಿ ಉಳಿದ ಅನ್ನೋದೇ ನನಗೆ ದೊಡ್ಡ ಹೆಮ್ಮೆ.

ನಿಮ್ಮ ಪ್ರಶ್ನೆಗೆ ಬರ್ತೀನಿ. ನಮ್ಮ ಕಾಲದಲ್ಲಿ ಓಎಚ್‌ಎಲ್ ಆಡಿದರೆ ಅಮೆರಿಕದ ಕಾಲೇಜು ಹಾಕಿ ನಡೆಸುವ ಎನ್‌ಸಿಎಎ ಬಾಗಿಲು ಮುಚ್ಚಿದ ಹಾಗೆ. 15 ವರ್ಷದ ಮಗುವಿನ ಮೇಲೆ ಅಷ್ಟು ದೊಡ್ಡ ತೀರ್ಮಾನ ಹೊರಿಸುತ್ತಿದ್ದರು. 2024ರ ನವೆಂಬರ್‌ನಲ್ಲಿ ಆ ನಿಯಮ ಬದಲಾಯಿತು, 2025ರ ಆಗಸ್ಟ್ 1ರಿಂದ ಓಎಚ್‌ಎಲ್ ಆಡಿದವರೂ ಎನ್‌ಸಿಎಎಗೆ ಹೋಗಬಹುದು. ಹಾಗಾಗಿ ಇದೋ ಅದೋ ಅಂತ ಈಗಲೇ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಕಾಲೇಜು ತಂಡಗಳಲ್ಲಿ ಜಾಗ ಈಗ ಇನ್ನೂ ಬಿಗಿ, ಯಾಕಂದ್ರೆ ಜೂನಿಯರ್‌ನಲ್ಲಿ ಪಳಗಿದ 20 ವರ್ಷದ ಹುಡುಗರೂ ಸಾಲಿನಲ್ಲಿ ನಿಂತಿರುತ್ತಾರೆ.

ಓಎಚ್‌ಎಲ್‌ಗೆ ಸಹಿ ಹಾಕುವ ಮುಂಚೆ ಓದಿನ ಪ್ಯಾಕೇಜಿನ ಕರಾರನ್ನು ಸಾಲು ಸಾಲಾಗಿ ಓದಿ. ಒಂದು ಸೀಸನ್ ಆಡಿದರೆ ಒಂದು ವರ್ಷದ ಕಾಲೇಜು ಫೀಸು ಅನ್ನೋದು ಲೆಕ್ಕ, ಆದರೆ ಎಷ್ಟು ದಿನದೊಳಗೆ ಕಾಲೇಜು ಸೇರಬೇಕು, ಮಧ್ಯೆ ಪ್ರೊ ಆಡಿದರೆ ಏನಾಗುತ್ತೆ, ಎಲ್ಲ ಕೇಳಿ ಬರೆಸಿಕೊಳ್ಳಿ. ನನ್ನ ಮಗ ಇವತ್ತು ಆ ದುಡ್ಡಿನಲ್ಲೇ ಇಲ್ಲಿಯ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾನೆ, ಅಲ್ಲಿಯ ತಂಡಕ್ಕೂ ಆಡುತ್ತಾನೆ. ಇನ್ನು ಹುಡುಗರ ಪರ ತಂಡಗಳ ಜೊತೆ ಮಾತಾಡ್ತೀವಿ, ಅಡ್ವೈಸರ್ ಅಂತ ಫೋನ್ ಮಾಡುವವರು ಈಗಲೇ ನಿಮ್ಮ ಹತ್ತಿರ ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ.

ಒಂಟಾರಿಯೋದಲ್ಲಿ 1975ರಲ್ಲಿ ಹುಟ್ಟಿ ಹಾಕಿ ಆಡಿದ ಹುಡುಗರನ್ನು ಒಬ್ಬರು ಲೆಕ್ಕ ಹಾಕಿದ್ದರು. ಸುಮಾರು 30,000 ಜನ. ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವಾದರೂ ಆಡಿದವರು 32. ಮಗನಿಗೆ ಇದನ್ನು ಹೇಳಿ, ಹೆದರಿಸುವುದಕ್ಕಲ್ಲ. ನಾನು ತಡವಾಗಿ ಹೇಳಿದೆ, ಅದಕ್ಕೇ ಹೇಳ್ತಿದ್ದೀನಿ.

ಕ್ಯಾಲ್ಗರಿಯಿಂದ ಒಬ್ಬ ಅಮ್ಮ:

ಮೇಲಿನ ಅಣ್ಣ ಹೇಳಿದ್ದೆಲ್ಲ ಸರಿ. ಹೊಟ್ಟೆ ತುಂಬುತ್ತಾ ಅನ್ನೋದಕ್ಕೆ ನಾನು ಉತ್ತರ ಕೊಡಬಲ್ಲೆ, ನನ್ನ ಮಗ ಈಗ ಆಡಿಯೇ ದುಡಿಯುತ್ತಿದ್ದಾನೆ. ವಯಸ್ಸು 26. ನಾಲ್ಕು ವರ್ಷ ಎನ್‌ಸಿಎಎ, ಡಿಗ್ರಿ ಮುಗಿಸಿ ಈಸಿಎಚ್‌ಎಲ್ ಸೇರಿದ.

ಮೆಟ್ಟಿಲು ಹೀಗಿದೆ. ಮೇಲೆ ಎನ್‌ಎಚ್‌ಎಲ್, 32 ತಂಡ. ಕೆಳಗೆ ಎಎಚ್‌ಎಲ್, ಅದರ ಕೆಳಗೆ ಈಸಿಎಚ್‌ಎಲ್. ಎನ್‌ಎಚ್‌ಎಲ್‌ನಲ್ಲಿ ಕಡಿಮೆ ಅಂದರೂ 2025-26ರಲ್ಲಿ ಸೀಸನ್ನಿಗೆ 7,75,000 ಡಾಲರ್ ಸಂಬಳ. ನನ್ನ ಮಗನಿಗೆ ವಾರಕ್ಕೆ ಆರುನೂರು ಡಾಲರ್ ಚಿಲ್ಲರೆ, ಅದೂ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಇರಲು ಮನೆ ತಂಡದ್ದು. ಬೇಸಿಗೆಯಲ್ಲಿ ಚಿಕ್ಕ ಮಕ್ಕಳ ಕ್ಯಾಂಪಿನಲ್ಲಿ ಸ್ಕೇಟಿಂಗ್ ಕಲಿಸಿ ಸಂಪಾದಿಸುತ್ತಾನೆ. ಒಮ್ಮೆ ರಾತ್ರಿ ಹತ್ತಕ್ಕೆ ಫೋನ್ ಬಂತು, ಬೆಳಿಗ್ಗೆ ಎಎಚ್‌ಎಲ್ ತಂಡದ ಜೊತೆ ಇರಬೇಕು ಅಂತ. ಅಂಥ ಟ್ರೈಔಟ್, ಅಂದರೆ ಆಡಿಸಿ ನೋಡುವ ಕರಾರಿನಲ್ಲಿ 25 ಪಂದ್ಯದವರೆಗೆ ಆಡಿಸಬಹುದು, ಇವನು ಒಂಬತ್ತು ಆಡಿ ವಾಪಸ್ ಬಂದ. ಆ ಒಂಬತ್ತು ಪಂದ್ಯದ ವಿಷಯ ಮಾತಾಡುವಾಗ ಅವನ ಮುಖ ನೋಡಬೇಕು ನೀವು.

ಬೇಜಾರಿನ ವಿಷಯವೂ ಹೇಳಬೇಕು. ಎರಡು ವರ್ಷದ ಹಿಂದೆ ಐಸ್ ಸುತ್ತಲಿನ ಬೋರ್ಡಿಗೆ ತಲೆ ಬಡಿದು ಕನ್ಕಷನ್, ಅಂದರೆ ಮಿದುಳಿಗೆ ಪೆಟ್ಟು, ಆಯಿತು. ಬೆಳಕು ಕಂಡರೆ ತಲೆನೋವು, ಆದರೂ ಆಗಿನ ತಂಡದಲ್ಲಿ ಬೇಗ ಐಸ್‌ಗೆ ಇಳಿ ಅಂತ ಒತ್ತಾಯ. ತನ್ನ ಜಾಗ ಹೋಗುತ್ತೆ ಅಂತ ಇವನೂ ಸುಮ್ಮನಿದ್ದ. ನಾನು ವಿಮಾನ ಹತ್ತಿ ಹೋಗಿ ಬೇರೆ ಡಾಕ್ಟರಿಗೆ ತೋರಿಸಿದೆ. ನಿಮ್ಮ ಮಗನಿಗೆ ಈಗಿಂದಲೇ ಕಲಿಸಿ, ತಲೆಗೆ ಪೆಟ್ಟು ಬಿದ್ದರೆ ಮುಚ್ಚಿಡಬಾರದು ಅಂತ. ಇದನ್ನು ಬರೆಯುವಾಗಲೂ ನನ್ನ ಕೈ ನಡುಗುತ್ತೆ.

ನಮ್ಮವರಿಗೆ ಆಗಲ್ಲ ಅನ್ನೋ ಮಾತು ಮಾತ್ರ ನಂಬಬೇಡಿ. ಮಿಸಿಸಾಗಾದಲ್ಲೇ ಹುಟ್ಟಿದ ಮ್ಯಾನಿ ಮಲ್ಹೋತ್ರಾ ಎನ್‌ಎಚ್‌ಎಲ್‌ನಲ್ಲಿ 991 ಪಂದ್ಯ ಆಡಿದರು. ವ್ಯಾಂಕೂವರ್ ಹತ್ತಿರದ ಸರ್ರಿಯ ಅರ್ಷ್‌ದೀಪ್ ಬೈನ್ಸ್‌ನನ್ನು ಎನ್‌ಎಚ್‌ಎಲ್ ಡ್ರಾಫ್ಟಿನಲ್ಲಿ ಯಾರೂ ತಗೊಳ್ಳಲಿಲ್ಲ. ಅವನು 2021-22ರಲ್ಲಿ 112 ಪಾಯಿಂಟ್ ಗಳಿಸಿ, ಓಎಚ್‌ಎಲ್ ಥರದ್ದೇ ಪಶ್ಚಿಮದ ಜೂನಿಯರ್ ಲೀಗ್ ಡಬ್ಲ್ಯುಎಚ್‌ಎಲ್‌ಗೇ ಮೊದಲಿಗನಾದ, 2024ರಲ್ಲಿ ವ್ಯಾಂಕೂವರ್ ಪರ ಎನ್‌ಎಚ್‌ಎಲ್‌ಗೆ ಇಳಿದ.

ಒಂದು ಕೆಲಸ ಮಾಡಿ. ಟೊರೊಂಟೊದ ಎನ್‌ಎಚ್‌ಎಲ್ ತಂಡ ಲೀಫ್ಸ್ ಆಟ ಟಿವಿಯಲ್ಲಿ ನೋಡಿದ್ದು ಸಾಕು. ವಾರದ ನಡುವೆ ಒಂದು ದಿನ ಲೀಫ್ಸ್‌ನ ಕೆಳಗಿನ ತಂಡ ಮಾರ್ಲೀಸ್ ಪಂದ್ಯಕ್ಕೆ ಕರ್ಕೊಂಡು ಹೋಗಿ, ಅದು ಎಎಚ್‌ಎಲ್. ಹಾಕಿಯನ್ನೇ ಕೆಲಸ ಮಾಡಿಕೊಂಡವರಲ್ಲಿ ಬಹಳ ಜನ ಇರುವುದು ಅಂಥ ಕಡೆ, ಇಲ್ಲ ಅದಕ್ಕೂ ಕೆಳಗೆ, ಇಲ್ಲ ಯುರೋಪಿನಲ್ಲಿ. ಮನೆಗೆ ಬರುವಾಗ ಕಾರಿನಲ್ಲಿ ಕೇಳಿ, ಈ ಬದುಕೂ ನಿನಗೆ ಇಷ್ಟವಾ ಅಂತ. ನನ್ನ ಮಗ ಹೂಂ ಅಂದಿದ್ದ. ಅದಕ್ಕೇ ನಾನು ಸಂಬಳದ ಬಗ್ಗೆ ಅವನ ಹತ್ತಿರ ಮಾತೆತ್ತುವುದಿಲ್ಲ.

ಕೇಳಿದವರಿಂದ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ನಮ್ಮೆಜಮಾನರಿಗೂ ಓದಿ ಹೇಳಿದೆ. ಟಿಕೆಟ್ ನೋಡ್ತಾ ಇದ್ದೀವಿ. ಇನ್ನೊಂದು ಸಣ್ಣ ಪ್ರಶ್ನೆ, ನನ್ನ ಮಗ ಮೊಟ್ಟೆ ತಿಂತಾನೆ, ಮಾಂಸ ಮುಟ್ಟಲ್ಲ. ಬಿಲೆಟ್ ಮನೆಯಲ್ಲಿ ಊಟಕ್ಕೆ ಏನು ಮಾಡಿದಿರಿ ಅಣ್ಣ?

ಬ್ರಾಂಪ್ಟನ್‌ನಿಂದ:

ಸಣ್ಣ ಪ್ರಶ್ನೆ ಅಲ್ಲ ಅಕ್ಕ, ಮೊದಲ ತಿಂಗಳು ನನ್ನ ಮಗ ಮೂರು ಕೆಜಿ ಇಳಿದಿದ್ದ. ತಂಡದವರ ಹತ್ತಿರ ಮೊದಲೇ ಹೇಳಿ, ಬಿಲೆಟ್ ಮನೆಗೆ ನೀವೇ ಒಂದು ಸಲ ಹೋಗಿ ಅಡುಗೆಮನೆಯಲ್ಲಿ ಕೂತು ಮಾತಾಡಿ. ನನ್ನ ಹೆಂಡತಿ ಹಾಗೇ ಮಾಡಿದಳು, ಸಾರಿನ ಪುಡಿ, ಒಂದು ಕುಕ್ಕರ್ ಕೊಟ್ಟು ಬಂದಳು. ಆ ಮನೆಯಾಕೆ ಎಷ್ಟು ಒಳ್ಳೆಯವರು ಅಂದರೆ, ಎರಡನೇ ವರ್ಷ ಅವರೇ ಫೋನ್ ಮಾಡಿ ಪುಡಿ ಮುಗಿದಿದೆ, ಕಳಿಸಿ ಅಂದರು.