'ಲಿಂಫೆಡೀಮಾ'ಗೆ ಕನ್ನಡದಲ್ಲಿ ಏನನ್ನೋಣ? (ಸ್ವಲ್ಪ ಅರ್ಜೆಂಟು)

ಪ್ರಶ್ನೆ:
ಸ್ತನ ತೆಗೆಸಿಕೊಂಡವರ ಕೈಗೆ ನರ್ಸ್‌ಗಳು ಕೊಡುವ ಎರಡು ಪುಟದ ಹಾಳೆಯನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಕಂಕುಳಿನ ಗ್ರಂಥಿಗಳನ್ನೂ ತೆಗೆದಾಗ, ಆ ದಾರಿಯಲ್ಲಿ ಹರಿದುಹೋಗಬೇಕಾದ ಲಿಂಫ್ ಎಂಬ ದ್ರವ ತೋಳಿನಲ್ಲೇ ನಿಂತು ಕೈ ದಪ್ಪಗಾಗುತ್ತದಲ್ಲ, ಅದಕ್ಕೆ ಪದ ಬೇಕು. ಶಾಲೆಯಲ್ಲಿ ಕಲಿತ ಹಾಗೆ 'ದುಗ್ಧರಸದ ಊತ' ಅಂತ ಹಾಕಿದ್ದೆ. ಕರಡು ಓದಿದವರೊಬ್ಬರು "ಎದೆಹಾಲು ಕೈಗೆ ಇಳಿಯುತ್ತಾ?" ಅಂತ ಗಾಬರಿಯಿಂದ ಕೇಳಿದರು. ಗಾಯದೊಳಗಿನ ದ್ರವ ಹೊರಗೆ ಹರಿಯಲು ಇಡುವ ಕೊಳವೆ 'ಡ್ರೇನ್'ಗೂ ಏನಾದರೂ ಇದ್ದರೆ ಹೇಳಿ.

ಉತ್ತರ:
ಅವರು ಸರಿಯಾಗಿಯೇ ಕೇಳಿದ್ದಾರೆ. 'ದುಹ್' ಅಂದರೆ ಹಾಲು ಕರೆ, ಅದರಿಂದ ದುಗ್ಧ. ಲಿಂಫ್‌ಗೆ ಮೂಲವಾದ ಲ್ಯಾಟಿನ್ ಪದಕ್ಕೆ ತಿಳಿನೀರು ಅಂತ ಅರ್ಥ. ಉಂಡ ಮೇಲೆ ಕರುಳಿನಿಂದ ಬರುವ ಲಿಂಫ್ ಮಾತ್ರ ಕೊಬ್ಬು ಸೇರಿ ಬೆಳ್ಳಗಿರುತ್ತದೆ. ಅದೊಂದನ್ನು ನೋಡಿ ಮೈಯಲ್ಲಿರುವುದಕ್ಕೆಲ್ಲ ಹಾಲಿನ ಹೆಸರು! 'ತಿಳಿರಸದ ಬಾವು' ಅನ್ನಿ. ಡ್ರೇನ್‌ಗೆ 'ಬಸಿಗೊಳವೆ'. ಬಸಿಗಾಲುವೆ ಒಪ್ಪಿದವರಿಗೆ ಇದ್ಯಾಕೆ ಬೇಡ? ಅಂದಹಾಗೆ 'ಸ್ತನ' ಯಾಕೆ, ಮೊಲೆ ಅನ್ನಲು ನಾಚಿಕೆಯೇ?

ಉತ್ತರ:
ನಾಚಿಕೆ ಅಲ್ಲ ಸ್ವಾಮಿ. ನಾನು ನರ್ಸ್. 'ಬಾವು' ಬೇಡವೇ ಬೇಡ, ಜನರಿಗೆ ಕೀವು ನೆನಪಾಗುತ್ತದೆ. ಗಾಯ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಬೇರೆ, ಕೂಡಲೇ ತೋರಿಸಬೇಕು. ಇದು ನಿಧಾನಕ್ಕೆ ಬರುವಂಥದ್ದು, ಕೆಲವರಿಗೆ ವರ್ಷಗಳಾದ ಮೇಲೆ. ಉಂಗುರ ಬಿಗಿಯಾಗುತ್ತದೆ, ಅಂಗಿಯ ಒಂದೇ ತೋಳು ಹಿಡಿಯುತ್ತದೆ. 'ಕೈ ಊತ' ಸಾಕು. ಪಕ್ಕದಲ್ಲಿ ಲಿಂಫೆಡೀಮಾ ಅಂತಲೂ ಇರಲಿ, ಡಾಕ್ಟರ್ ಬಾಯಲ್ಲಿ ಕೇಳುವುದು ಅದೇ. ಡ್ರೇನ್ ಡ್ರೇನೇ. ಅದರ ತುದಿಯಲ್ಲಿ ದ್ರವ ತುಂಬುವ ಮೆತ್ತನೆಯ ಬಲ್ಬ್ ಖಾಲಿ ಮಾಡಿ, ಅದನ್ನು ಅದುಮಿ ಹಿಡಿದುಕೊಂಡೇ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ದ್ರವ ಎಳೆಯುವುದಿಲ್ಲ. ಎಷ್ಟು ಬಂತು ಅಂತ ಬರೆದಿಡಬೇಕು. ದಿನಕ್ಕೆ 30 ಎಂಎಲ್‌ಗಿಂತ ಕಡಿಮೆಯಾದ ಮೇಲೆ ಸಾಮಾನ್ಯವಾಗಿ ತೆಗೆಯುತ್ತಾರೆ. ಇಷ್ಟು ಅರ್ಥವಾದರೆ ಹೆಸರು ಏನಾದರೂ ಆಗಲಿ.

ಮರುತ್ತರ:
'ಏನಾದರೂ ಆಗಲಿ' ಅಂದು ಅಂದೇ ಕನ್ನಡದ ಅರ್ಧ ಪದ ಹೋಗಿದ್ದು. ಬಲ್ಬ್, ಎಂಎಲ್, ಡಾಕ್ಟರ್... ಉಳಿದದ್ದನ್ನೂ ಇಂಗ್ಲಿಷಿಗೇ ಕೊಟ್ಟುಬಿಡಿ.

ಉತ್ತರ:
'ತಿಳಿರಸ' ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಅಂಟಿಸಿದ್ದು. ಮೊದಲು ನಿಮ್ಮ ಮನೆ ಗುಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ:
'ಕೈ ಊತ' ಹಾಕಿ ಕಳಿಸಿದೆ. ಬಸಿಗೊಳವೆ ನನಗಂತೂ ಇಷ್ಟವಾಯಿತು, ಚಿತ್ರದ ಕೆಳಗೆ ಒಂದು ಕಡೆ ಸೇರಿಸಿದ್ದೇನೆ. 'ಬಾಧಿತ ಬಾಹುವಿನಲ್ಲಿ ರಕ್ತದೊತ್ತಡ ಮಾಪನ ನಿಷಿದ್ಧ' ಅಂತ ನಾನೇ ಬರೆದಿದ್ದೆ. ಅದೀಗ 'ಆಪರೇಷನ್ ಆದ ಕಡೆಯ ಕೈಗೆ ಬಿಪಿ ಪಟ್ಟಿ ಕಟ್ಟಬೇಡಿ ಅಂತ ಹೇಳಿ' ಆಗಿದೆ.