ವೀಲ್‌ಚೇರ್‌ನಲ್ಲಿರುವ ಅಣ್ಣನಿಗೆ ವ್ಯಾಯಾಮ ಎಲ್ಲಿಂದ ಶುರು ಮಾಡಿಸಲಿ?

ಪ್ರಶ್ನೆ: ಅಣ್ಣನಿಗೆ ಬೆನ್ನುಹುರಿಗೆ ಪೆಟ್ಟಾಗಿ 2 ವರ್ಷ ಆಯಿತು, ಸೊಂಟದ ಕೆಳಗೆ ಸ್ವಾಧೀನ ಇಲ್ಲ. ತೂಕ ಜಾಸ್ತಿ ಆಗುತ್ತಿದೆ. ವ್ಯಾಯಾಮ ಮಾಡು ಅಂದರೆ "ದಿನವಿಡೀ ಚಕ್ರ ತಳ್ಳುತ್ತೇನಲ್ಲ, ಸಾಲದಾ?" ಅನ್ನುತ್ತಾನೆ. ಏನು ಹೇಳಲಿ?

ಉತ್ತರ 1: ಅವರು ಹೇಳುವುದರಲ್ಲೂ ಅರ್ಥ ಇದೆ ಬಿಡಿ. ನಾನೂ ಚೇರ್‌ನಲ್ಲೇ ಇರುವವನು. ತಳ್ಳಿ ತಳ್ಳಿ ಭುಜದ ಮುಂಭಾಗಕ್ಕೇ ಕೆಲಸ ಜಾಸ್ತಿ ಆಗುತ್ತದೆ, ಆಮೇಲೆ ಭುಜನೋವು ಶುರು. ಅದಕ್ಕೇ ಎಳೆಯುವ ವ್ಯಾಯಾಮ ಬೇಕು: ಬ್ರೇಕ್ ಹಾಕಿ, ರಬ್ಬರ್ ಬ್ಯಾಂಡನ್ನು ಗಟ್ಟಿ ಕಂಬಕ್ಕೆ ಸಿಕ್ಕಿಸಿ, ಮೊಣಕೈ ಹಿಂದಕ್ಕೆ ಬರುವ ಹಾಗೆ ನಿಧಾನಕ್ಕೆ ಎಳೆಯಬೇಕು. ಮೊದಲ ವಾರ ನನಗೆ 5 ನಿಮಿಷಕ್ಕೇ ಸುಸ್ತು!

ಉತ್ತರ 2: ಫಿಸಿಯೋಗೆ ಒಮ್ಮೆ ತೋರಿಸಿ. ಸ್ಪರ್ಶ ಇಲ್ಲದ ಕಡೆ ಚರ್ಮ ಉಜ್ಜಿ ಗಾಯವಾದರೂ ಗೊತ್ತಾಗುವುದಿಲ್ಲ, ಮುಗಿದ ಮೇಲೆ ಕನ್ನಡಿ ಹಿಡಿದು ನೋಡಿಕೊಳ್ಳಲಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಂಗವಿಕಲರಿಗೂ ವಾರಕ್ಕೆ 150ರಿಂದ 300 ನಿಮಿಷ ಅಂತ ಹೇಳಿದೆ, ಆದರೆ ಮೊದಲ ದಿನವೇ ಆ ಲೆಕ್ಕ ಹೇಳಿ ಹೆದರಿಸಬೇಡಿ.

ಕೇಳಿದವರು: ಭುಜದ ವಿಷಯ ಗೊತ್ತೇ ಇರಲಿಲ್ಲ. ಸುಮ್ನೆ ಬೈಯುವ ಬದಲು ನಾನೂ ಪಕ್ಕದಲ್ಲಿ ಕೂತು ಬ್ಯಾಂಡ್ ಎಳೆಯುತ್ತೇನೆ.